ಹಂದಿಬಾಡಿಗೆ ಹೊಗೆ ಹಾಕಿದ ಆಷಾಢ

ಕಳೆದ ತಿಂಗಳು ನಮ್ಮ ಬಸ್ಸು ನಂಜನಗೂಡು ಬಿಟ್ಟು ಇನ್ನೂ ಎರಡು ಸ್ಟಾಪು ದಾಟಿರಲಿಲ್ಲ, ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡಲಾಗಿ ಸಿಕ್ಕಿಕೊಂಡು ಎಲ್ಲರನ್ನೂ ನಿಲ್ಲಿಸಿತು. ನಿಂತ ಜಾಗದ ಪಕ್ಕದಲ್ಲೇ ಹೊಸದಾಗಿ ತೆರೆದ ಒಂದು ಹೋಟೆಲು. ಅದರ ಅಂಗಳದಲ್ಲಿ ಅಡುಗೆಯವನು ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಎತ್ತಿದ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುಂಯ್ ಅಂದಿತು. ಹೊಗೆ ನೆಟ್ಟಗೆ ಬಸ್ಸಿನೊಳಕ್ಕೆ ಬಂತು. ಮುಂದಿನ ಸೀಟಿನಲ್ಲಿದ್ದ ಬನ್ನೂರಿನ ಯಜಮಾನರೊಬ್ಬರು ಕಣ್ಣು ಮುಚ್ಚಿ, ಮೂಗರಳಿಸಿ, "ಅಂದಿಬಾಡು ಕಣ್ರಪ್ಪಾ! ಈ ಗಮ್ಲು ನೆಂಚ್ಕಂಡೇ ಒಂದ್ ಮುದ್ದೆ ಇಳಿಸ್ಬೋದು" ಎಂದರು. ಬಸ್ಸೆಲ್ಲ ನಕ್ಕಿತು. ನಾನು ಟಿಕೆಟ್ ಮಿಷನ್ನನ್ನು ಎದೆಗೊತ್ತಿಕೊಂಡು ಹಿಂದಿನ ಬಾಗಿಲಿನಿಂದ ಇಳಿದು, ಕಾಲುವೆಯ ಕಡೆ ಮುಖ ಮಾಡಿ, ಕರವಸ್ತ್ರದಲ್ಲಿ ಮೂಗು ಮುಚ್ಚಿ ನಿಂತೆ.

ಇಪ್ಪತ್ತೆರಡು ವರ್ಷದಿಂದ ನಂಜನಗೂಡು–ತಿರುಮಕೂಡಲು ನರಸೀಪುರ ರೂಟಿನಲ್ಲಿ ಕಂಡಕ್ಟರ್ ಕೆಲಸ ಮಾಡುತ್ತಿರುವವನು ನಾನು. ಮೀನಿನ ಬುಟ್ಟಿ, ಗೊಬ್ಬರದ ಚೀಲ, ವಾಂತಿ, ಮಲ್ಲಿಗೆ ಮೂಟೆ, ಎಲ್ಲ ವಾಸನೆಯನ್ನೂ ಒಂದೇ ಮೂಗಿನಲ್ಲಿ ಕುಡಿದು ರೈಟ್ ಅಂದಿದ್ದೇನೆ. ಇದೊಂದು ವಾಸನೆಗೆ ಮಾತ್ರ ನನ್ನ ಕಾಲು ತಾನಾಗಿಯೇ ಕೆಳಗಿಳಿಯುತ್ತದೆ. ನಾಲ್ಕು ವರ್ಷದ ಹಿಂದೆ, ಒಂದು ಆಷಾಢದಲ್ಲಿ, ಇದೇ ವಾಸನೆಗಾಗಿ ನಾನು ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಆಗ ನನ್ನ ಭಾನುವಾರಗಳೆಲ್ಲ ಮಾದುವಿನ ಹಿತ್ತಲಿನಲ್ಲಿ. ಮಾದು ನಮ್ಮ ಬಸ್ಸಿನ ಡ್ರೈವರ್ ಆಗಿದ್ದವನು. ಹನ್ನೆರಡು ವರ್ಷ ಅವನು ಮುಂದೆ, ನಾನು ಹಿಂದೆ. ಗಂಡ ಹೆಂಡತಿಗಿಂತ ಹೆಚ್ಚು ಹೊತ್ತು ಜೊತೆಗಿದ್ದವರು ಎಂದು ಸ್ಟ್ಯಾಂಡಿನಲ್ಲಿ ಆಡಿಕೊಳ್ಳುತ್ತಿದ್ದರು. ಬೆನ್ನುಮೂಳೆ ಕೈಕೊಟ್ಟು ಅವನು ಸ್ಟೇರಿಂಗು ಬಿಟ್ಟ ಮೇಲೆ ಮನೆ ನಿಲ್ಲಿಸಿದವಳು ಅವನ ಹೆಂಡತಿ ರತ್ನ. ಎಲ್ಲೋ ಹತ್ತು ದಿನದ ತರಬೇತಿಗೆ ಹೋಗಿ ಬಂದು, ನರಸೀಪುರಕ್ಕೆ ಸ್ವಲ್ಪ ಈಚೆ, ನಮ್ಮ ಬಸ್ಸು ಹೋಗುವ ರಸ್ತೆಯ ಮಗ್ಗುಲಲ್ಲೇ ಇದ್ದ ಅವರ ತುಂಡು ಜಮೀನಿನಲ್ಲಿ ಶೆಡ್ಡು ಕಟ್ಟಿ, ಎರಡು ಹಂದಿಮರಿ ತಂದು ಬಿಟ್ಟಳು. ನೆಂಟರಿಷ್ಟರು ಸುಮ್ಮನಿರುತ್ತಾರೆಯೇ? ಮಾದುವಿನ ಅಣ್ಣ ಬಸ್ಸಿನಲ್ಲೇ, ಅವಳಿಗೆ ಕೇಳಿಸುವ ಹಾಗೆ, "ಬನ್ನೂರು ಕುರಿ ತಲೆ ಎತ್ಕಂಡ್ ಓಡಾಡೋ ಸೀಮೇಲಿ ನಮ್ ರತ್ನವ್ವ ಅಂದಿ ಸಾಕ್ತಾಳಂತೆ ಕಣ್ರಪ್ಪ" ಎಂದ. ರತ್ನ ಸೀಟಿನಿಂದ ತಿರುಗಿಯೂ ನೋಡದೆ, "ನಿಮ್ ಕುರಿ ವರ್ಷಕ್ಕೊಂದ್ ಮರಿ ಆಕ್ತದೆ ಬಾವ. ನಮ್ ಕೆಂಪಿ ಒಂದೇ ಸೂಲ್ಗೆ ಅತ್ತು. ನಿಮ್ ಕುರೀಗೇ ಏಳಿ ತಲೆ ತಗ್ಸದ್ಕೆ" ಎಂದಳು. ಆಮೇಲೆ ಆ ಮನುಷ್ಯ ನಮ್ಮ ಬಸ್ಸು ಹತ್ತಿದರೆ ಕಿಟಕಿಯ ಆಚೆಗೇ ನೋಡುತ್ತಿದ್ದ.

ಐದು ವರ್ಷದಲ್ಲಿ ಶೆಡ್ಡಿನ ತುಂಬ ಹಂದಿ. ಅದರಲ್ಲೆಲ್ಲ ಹಿರಿಯಳು ಕೆಂಪಿ, ಮೊದಲು ತಂದ ಎರಡರಲ್ಲಿ ಒಂದು, ಕರುವಿನಷ್ಟು ದೊಡ್ಡ ಹೆಣ್ಣು ಹಂದಿ. ಆ ಆಷಾಢದಲ್ಲಿ ಅವಳು ಮತ್ತೆ ಗಬ್ಬ. ರತ್ನ ಬೆಳಿಗ್ಗೆ ಎದ್ದರೆ ದೇವರಿಗೆ ಕೈ ಮುಗಿಯುವುದಕ್ಕೆ ಮುಂಚೆ ಅವಳ ಹೊಟ್ಟೆ ಸವರಿ ಬರುತ್ತಿದ್ದಳು. ಅವಳಿಗೆ ಆ ಶೆಡ್ಡು ಬರೀ ಹೊಟ್ಟೆಪಾಡಲ್ಲ. ಊರಿನ ಎದುರಿಗೆ ತಾನು ನಿಂತ ನೆಲ.

ಆ ಶೆಡ್ಡಿಗೆ ಅವಳದು ಎರಡು ಕಟ್ಟಳೆ. ಒಂದು, ಹೋಟೆಲು ಛತ್ರಗಳಿಂದ ತಂದ ಮುಸುರೆಯನ್ನು ಹಿತ್ತಲಿನ ದೊಡ್ಡ ಹಂಡೆಯಲ್ಲಿ ಮೂರು ಉಕ್ಕು ಬರುವವರೆಗೂ ಕುದಿಸದೆ ಹಂದಿಗೆ ಇಡುವ ಹಾಗಿಲ್ಲ. ಎರಡನೆಯದು, ತನ್ನ ಹಂದಿಯನ್ನು ತನ್ನ ಹಿತ್ತಲಲ್ಲಿ ಯಾರೂ ಬೇಯಿಸುವ ಹಾಗಿಲ್ಲ. "ಮಾರ್ತೀನಿ ಕಣಣ್ಣ, ಅದು ಅವುಗಳ್ ಅಣೇಬರ. ಆದ್ರೆ ಈ ಕೈಲಿ ತಿನ್ಸಿ ಬೆಳ್ಸಿದ್ದನ್ನ ಅವುಗಳ್ ಮೂಗಿನ್ ಮುಂದೇನೇ ಸುಡಕ್ಕಾಯ್ತದಾ? ನಿಮ್ ನಾಲ್ಗೆ ಕೇಳ್ತದೆ ಅಂದ್ರೆ ಒರಗಿಂದ ತಂದ್ಕಳಿ" ಎಂದಿದ್ದಳು. ನನಗೂ ಮಾದುವಿಗೂ ಆ ಮಾತು ಎಷ್ಟು ಚೆನ್ನಾಗಿ ಕಂಡಿತೆಂದರೆ, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆವು.

ಹೊಗೆಯ ಹುಚ್ಚು ಹತ್ತಿಸಿಕೊಂಡವನು ಮಾದು. ಬೆನ್ನು ನೋವಿಗೆ ಮಲಗಿದವನು ಮೊಬೈಲಿನಲ್ಲಿ ಯಾವುದೋ ದೇಶದವರು ಹಂದಿಯ ಭುಜದ ಮಾಂಸವನ್ನು ಹಲಗೆಯ ಹಾಗೆ ಕುಯ್ದು, ಮುಚ್ಚಿದ ಪೆಟ್ಟಿಗೆಯಲ್ಲಿ ಹೊಗೆಯಲ್ಲೇ ಬೇಯಿಸುವುದನ್ನು ನೋಡಿದ. "ಲೇ ನಿಂಗ, ಇದ್ಕೆ ಸ್ಟೀಕ್ ಅಂತಾರೆ ಕಣ್ಲಾ. ಸಾರಲ್ಲ, ಫ್ರೈ ಅಲ್ಲ. ಸುಮ್ಕೆ ಒಗೆ" ಎಂದು ನನ್ನ ಮೂಗಿಗೆ ಮೊಬೈಲು ಹಿಡಿದ. ಬಸ್ಸಿನ ಬಾಡಿ ರಿಪೇರಿ ಮಾಡುವ ವೆಲ್ಡರನ ಕೈಯಲ್ಲಿ ಹಳೆಯ ಆಯಿಲ್ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕೀಲು ಹಾಕಿಸಿ, ಒಳಗೆ ಜಾಲರಿ ಕೂರಿಸಿದೆವು. ಮಾಂಸ ತರುವ ಕೆಲಸ ನನ್ನದು. ನಂಜನಗೂಡಿನ ಆಚೆ ರಸ್ತೆ ಬದಿಯ ಅಂಗಡಿಯಲ್ಲಿ, "ಭುಜದ್ದು, ಮೂಳೆ ಸಮೇತ, ಒಂದು ಬೆರಳು ದಪ್ಪಕ್ಕೆ ಅಡ್ಡಡ್ಡ ಕುಯ್ದು ಕೊಡು" ಎಂದಾಗ ಅಂಗಡಿಯವನು ಕತ್ತಿ ಕೆಳಗಿಟ್ಟು, "ಬಾಡ್ ತಿನ್ನಕ್ಕಾ ಸಾ, ಬಾಗ್ಲು ಮಾಡ್ಸಕ್ಕಾ?" ಎಂದು ಕೇಳಿದ.

ಆಷಾಢವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಶ್ರಾವಣ ಹುಟ್ಟಿದರೆ ನಮ್ಮ ಮನೆಗಳಲ್ಲಿ ಒಂದು ತಿಂಗಳು ಬಾಡು ಒಲೆ ಹತ್ತುವುದಿಲ್ಲ. ಆ ಉಪವಾಸವನ್ನೆಲ್ಲ ಮುಂಗಡವಾಗಿ ತೀರಿಸಿಕೊಳ್ಳುವ ತಿಂಗಳು ಆಷಾಢ. ಮಳೆಯೂ ಆ ವರ್ಷ ಬಿಡದೆ ಹಿಡಿದಿತ್ತು. ಕಪಿಲೆ ಕೆಂಪಗೆ ಉಬ್ಬಿ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿದ್ದಳು. ನರಸೀಪುರದ ಸೇತುವೆಯ ಮೇಲೆ ಜನ ಕೊಡೆ ಹಿಡಿದು ನೀರು ನೋಡಲು ನಿಲ್ಲುತ್ತಿದ್ದರು. ನಾವಿಬ್ಬರೂ ಹಿತ್ತಲಿನಲ್ಲಿ ಟಾರ್ಪಾಲು ಕಟ್ಟಿ, ಅದರಡಿ ಡ್ರಮ್ಮಿನ ಎರಡು ಕಡೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆವು. ಮೊದಲ ಭಾನುವಾರ ಬೆಂಕಿ ಜೋರಾಗಿ ಮಾಂಸ ಕರಿ ಇದ್ದಿಲಾಯಿತು. ಎರಡನೆಯ ಭಾನುವಾರ ಹುಣಸೆ ಸೌದೆಯ ಹೊಗೆ ಕಹಿ ಹತ್ತಿತು. ಮೂರನೆಯ ಸಲ ಸೀಬೆಮರದ ಒಣ ಕೊಂಬೆ ಹಾಕಿ, ಮೆಣಸು, ಉಪ್ಪು, ಬೆಳ್ಳುಳ್ಳಿ ಸವರಿದ ತುಂಡುಗಳಿಗೆ ಕೊನೆಯಲ್ಲಿ ಆಲೆಮನೆಯ ಜೋನಿಬೆಲ್ಲ ಬಳಿದೆವು. ಮೂರು ಗಂಟೆ ಹೊಗೆ ಕುಡಿದು ಅವು ಹುಣಸೆಹಣ್ಣಲ್ಲಿ ಬೆಳಗಿದ ತಾಮ್ರದ ಚೊಂಬಿನ ಬಣ್ಣಕ್ಕೆ ಬಂದವು. ರತ್ನ ಒಂದು ಚೂರು ಬಾಯಿಗಿಟ್ಟು, ಅಗಿದು, ಇನ್ನೊಂದು ಚೂರು ಎತ್ತಿಕೊಂಡಳು. ಆಮೇಲೆ, "ಇಷ್ಟ್ ರುಚಿ ಮಾಡೋ ಗಂಡ ಹನ್ನೆರಡ್ ವರ್ಷ ಆರನ್ ಹೊಡ್ಕಂಡಿದ್ರಲ್ಲ, ನನ್ ಕರ್ಮ" ಎಂದಳು. ಆ ಹೊಗಳಿಕೆಗೆ ಮಾದು ಮಳೆಯಲ್ಲೇ ಎದ್ದು ಕುಣಿದು ಬೆನ್ನು ಹಿಡಿದುಕೊಂಡು ಕೂತ.

ಇನ್ನು ಕೊನೆಯ ಭಾನುವಾರ. ಭೀಮನ ಅಮಾವಾಸ್ಯೆಗೆ ಮುಂಚಿನದು. ಅದನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಆವತ್ತು ಅಂಗಡಿಯಲ್ಲಿ ಎಂದಿಗಿಂತ ಹೆಚ್ಚು ಹಂದಿ ನೇತುಹಾಕಿತ್ತು. "ಎಲ್ಲಿಂದ್ಲೋ ಜಾಸ್ತಿ ಬಂದ್ಬುಟ್ಟದೆ ಸಾ, ತಗಂಡೋಗಿ" ಎಂದು ಅಂಗಡಿಯವನು ಕೇಳಿದ್ದಕ್ಕಿಂತ ದೊಡ್ಡ ತುಂಡನ್ನೇ ಕಟ್ಟಿಕೊಟ್ಟ. ಎಲ್ಲಿಂದ ಬಂತು, ಇಷ್ಟೊಂದು ಹಂದಿಯನ್ನು ಒಂದೇ ಸಲ ಯಾರು, ಯಾಕೆ ಮಾರಿಬಿಟ್ಟರು ಎಂದು ನಾನು ಕೇಳಲಿಲ್ಲ. ಶ್ರಾವಣದ ಮುಂಚಿನ ಕೊನೆಯ ಬಾಡು, ಒಳ್ಳೆ ತುಂಡು ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಬಸ್ಸು ಹತ್ತಿದೆ.

ರತ್ನ ಆವತ್ತು ಮನೆಯಲ್ಲಿರಲಿಲ್ಲ. ಬನ್ನೂರಿಗೆ ಅಕ್ಕನ ಮನೆಗೆ ಹೋಗಿದ್ದಳು. ಮಳೆ ಟಾರ್ಪಾಲನ್ನೇ ಹರಿಯುವ ಹಾಗೆ ಹೊಡೆಯುತ್ತಿತ್ತು. ಥಂಡಿಗೆ ಡ್ರಮ್ಮು ಕಾವೇ ಹಿಡಿಯಲೊಲ್ಲದು. ಮಾದು ಸೂರಿನಡಿ ಜೋಡಿಸಿದ್ದ ಒಣಸೌದೆಯನ್ನು ಒಂದೊಂದೇ ಎಳೆದುಕೊಟ್ಟ, ನಾನು ಒಂದೊಂದೇ ಒಳಗೆ ತಳ್ಳಿದೆ. ಅದು ರತ್ನ ಮುಸುರೆ ಕುದಿಸಲು ಇಟ್ಟುಕೊಂಡಿದ್ದ ಸೌದೆ. ಸಂಜೆಯ ಹೊತ್ತಿಗೆ ಬಾಡು ಚೆನ್ನಾಗಿಯೇ ಬಂತು, ಸೂರಿನಡಿಯಲ್ಲಿ ಮಾತ್ರ ಸಿಪ್ಪೆಯೂ ಉಳಿದಿರಲಿಲ್ಲ. ತಿಂದು ಮಾದು ಬೆನ್ನು ನೋವೆಂದು ಒಳಗೆ ಹೋಗಿ ಮಲಗಿದ. ಹಿತ್ತಲು ಚೊಕ್ಕ ಮಾಡುವುದು ನನ್ನ ಪಾಲಿಗೆ ಬಂತು.

ನನ್ನನ್ನು ಸಾಕಿದವಳು ಮೂಗೂರಿನ ನಮ್ಮಜ್ಜಿ. "ಮುಸುರೆ ಚೆಲ್ಲೋ ಕೈಗೆ ತುತ್ತು ದಕ್ಕಲ್ಲ ಮಗ" ಎಂದು ಅನ್ನ ಬಸಿದ ಗಂಜಿಯಿಂದ ಹಿಡಿದು ಸೊಪ್ಪು ತೊಳೆದ ನೀರಿನವರೆಗೆ ಎಲ್ಲವನ್ನೂ ಎಮ್ಮೆಯ ಬಾಯಿಗೆ ಮುಟ್ಟಿಸುತ್ತಿದ್ದಳು. ಆ ಬುದ್ಧಿ ನನ್ನ ಕೈಯಲ್ಲೇ ಇದೆ. ಅದೂ ಅಲ್ಲದೆ ಆಷಾಢದಲ್ಲಿ ಮದುವೆಯಿಲ್ಲ, ಛತ್ರಗಳ ಮುಸುರೆಯಿಲ್ಲ. ಹಂದಿಗಳಿಗೆ ಮೇವು ಸಾಲದೆಂದು ರತ್ನ ತಿಂಗಳಿಂದ ಪೇಚಾಡುತ್ತಿದ್ದಳು. ಪಾಪ, ಅವಕ್ಕೂ ಒಂದಿಷ್ಟು ಆಗಲಿ ಎಂದುಕೊಂಡೆ. ಹಸಿ ಮಾಂಸದಿಂದ ಕೆತ್ತಿ ತೆಗೆದಿದ್ದ ಕೊಬ್ಬು, ನರ, ಮಾಂಸ ತೊಳೆದ ಕೆಂಪು ನೀರು, ಮಸಾಲೆ ಕಲಸಿದ ಬೋಗುಣಿಯ ಬಗ್ಗಡ, ಎಲ್ಲವನ್ನೂ ಬಾಚಿ ಮುಸುರೆ ಹಂಡೆಗೆ ಸುರಿದೆ. ಹೇಗೂ ಬೆಳಿಗ್ಗೆ ರತ್ನ ಮೂರು ಉಕ್ಕು ಬರಿಸುತ್ತಾಳಲ್ಲ. ಬೋಗುಣಿಯನ್ನು ಮಳೆನೀರಿಗೆ ಹಿಡಿದು ತೊಳೆದು, ಆ ನೀರನ್ನೂ ಚೆಲ್ಲದೆ ಹಂಡೆಗೇ ಹಾಕಿದೆ.

ಮಾರನೆಯ ಬೆಳಿಗ್ಗೆ ಅವರ ಮನೆಯ ಮುಂದೆ ಬಸ್ಸು ನಿಂತಾಗ ರತ್ನ ಸೊಂಟಕ್ಕೆ ಕೈಯಿಟ್ಟು ರಸ್ತೆಗೇ ಬಂದಿದ್ದಳು. "ಅಲ್ಲ ಕಣಣ್ಣಾ, ನಾನೊಂದಿನ ಇಲ್ದೆ ಇದ್ದುದ್ಕೆ ಸೌದೆನೆಲ್ಲಾ ಸುಟ್ಟಾಕಿದ್ದೀರಲ್ಲ! ತೆಂಗಿನ್ ಸೋಗೆ ಉರ್ಸಿ ಉರ್ಸಿ ಸಾಕಾಯ್ತು. ಒಂದ್ ಉಕ್ಕೂ ಬರ್ನಿಲ್ಲ. ಉಗುರು ಬೆಚ್ಚಗ್ ಮಾಡಿ ಆಕ್ಬುಟ್ಟೆ."

"ಸಾಕು ಬುಡವ್ವ, ಅವೇನು ಆಷಾಢ ಕಳ್ದು ಬಂದಿರೋ ಅಳೀಮಯ್ಯಂದ್ರಾ ಬಿಸಿ ಬಿಸಿ ಬಡ್ಸಕ್ಕೆ?" ಎಂದೆ. ಅವಳು ನಕ್ಕಳು. ಬಸ್ಸಿನವರೂ ನಕ್ಕರು. ನಾನು ರೈಟ್ ಎಂದು ಸೀಟಿ ಊದಿದೆ.

ಶ್ರಾವಣದ ಮೊದಲ ವಾರ ಕೆಂಪಿ ಮೇವು ಬಿಟ್ಟಳು. ಮೈ ಕೆಂಡ. ಕಿವಿಯ ತುದಿ ನೇರಳೆ ಬಣ್ಣಕ್ಕೆ ತಿರುಗಿತು. ರತ್ನ ಗೋಣಿತಾಟನ್ನು ನೀರಲ್ಲಿ ಅದ್ದಿ ಅದ್ದಿ ಮೈಮೇಲೆ ಹೊದಿಸಿದಳು. ಮೂರನೆಯ ದಿನ ಕಂದು ಹಾಕಿದಳು. ಹನ್ನೊಂದು ಮರಿ, ಒಂದಕ್ಕೂ ಉಸಿರಿಲ್ಲ. ನಾಲ್ಕನೆಯ ದಿನ ಕೆಂಪಿ ಸತ್ತಳು. ಅದರ ಹಿಂದೆಯೇ ಪಕ್ಕದ ಗೂಡಿನವು ಒಂದೊಂದಾಗಿ ಕಾಲು ಮಡಚತೊಡಗಿದವು. ಮಾದು ಫೋನು ಮಾಡಿದ. "ಬಾರ್ಲಾ ನಿಂಗ" ಎಂದಷ್ಟೇ ಅಂದ.

ದನದ ಡಾಕ್ಟರಮ್ಮ ರಕ್ತ ತೆಗೆದುಕೊಂಡು ಹೋದರು. ವರದಿ ಬಂದ ದಿನ ಅವರು ಶೆಡ್ಡಿನಿಂದ ದೂರದಲ್ಲೇ ನಿಂತು ನಮ್ಮಿಬ್ಬರನ್ನು ಕರೆದರು. ರತ್ನ ಒಳಗಿದ್ದಳು. "ಆಫ್ರಿಕನ್ ಹಂದಿಜ್ವರ. ಮನುಷ್ಯರಿಗೆ ಬರಲ್ಲ, ಹೆದರಬೇಡಿ. ಆದರೆ ಹಂದಿಗೆ ಬಂದರೆ ಔಷಧಿ ಇಲ್ಲ, ಲಸಿಕೆ ಇಲ್ಲ. ಉಳಿದಿರೋದನ್ನೂ ಕೊಂದು ಹೂಳಬೇಕು" ಎಂದರು. ಆಮೇಲೆ ಒಂದು ಕಾಗದ ತೆಗೆದು ಕೇಳಿದರು: "ಹೊರಗಿನಿಂದ ಹಂದಿ ಮಾಂಸ ಏನಾದರೂ ಬಂದಿತ್ತಾ? ಅದರ ಚೂರು, ತೊಳೆದ ನೀರು ಮುಸುರೆಗೆ ಸೇರಿತ್ತಾ? ಹೊಗೆಗೆ, ಉಪ್ಪಿಗೆ ಅದು ಸಾಯಲ್ಲ. ಚೆನ್ನಾಗಿ ಕುದಿಸಿದರೆ ಮಾತ್ರ ಸಾಯೋದು."

"ತಂದಿದ್ವಿ ಮೇಡಂ, ನಾವೇ ತಿಂದೋ. ಮುಸುರೇಗ್ ಸೇರಿಲ್ಲ" ಎಂದ ಮಾದು. ಅವನು ಸುಳ್ಳು ಹೇಳಲಿಲ್ಲ. ಅವನು ಆವತ್ತು ಮಲಗಿದ್ದ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ಅವರ ಪೆನ್ನು ಕಾಗದದ ಮೇಲೆ ನಿಂತಿತ್ತು. ನಾನು ನನ್ನ ಚಪ್ಪಲಿ ನೋಡಿಕೊಂಡೆ. "ವ್ಯಾಪಾರದವರ ಗಾಡಿಯಿಂದಲೂ ಬರಬಹುದು, ಮೇವಿನ ಚೀಲದಿಂದಲೂ ಬರಬಹುದು" ಎನ್ನುತ್ತ ಅವರು ಏನೋ ಬರೆದುಕೊಂಡರು.

ಮರುದಿನ ಜೆಸಿಬಿ ಬಂದು ಜಮೀನಿನ ಮೂಲೆಯಲ್ಲಿ ಗುಂಡಿ ತೋಡಿತು. ಮೈತುಂಬ ಬಿಳಿ ಉಡುಪು ತೊಟ್ಟ ಇಲಾಖೆಯ ನಾಲ್ಕು ಜನ ಬಂದರು. ಇನ್ನೂ ಚೆನ್ನಾಗಿ ಓಡಾಡಿಕೊಂಡಿದ್ದ ಹಂದಿಗಳು ಆ ಉಡುಪಿಗೆ ಬೆದರಿ ಮೂಲೆ ಸೇರಿ, ಒಂದರ ಮೇಲೊಂದು ಹತ್ತಿ ಚೀರತೊಡಗಿದವು. ಏನು ಮಾಡಿದರೂ ಹೊರಗೆ ಬರಲಿಲ್ಲ. ಕೊನೆಗೆ ಅವರಲ್ಲೊಬ್ಬ ಬಹಳ ಸಂಕೋಚದಿಂದ ಮಾದುವಿನ ಹತ್ತಿರ ಬಂದು, "ಯಾರಾದ್ರೂ ಗೊತ್ತಿರೋರು ಕರದ್ರೆ ಬತ್ತವೇನೋ ಸಾ" ಎಂದ.

ರತ್ನ ಬಂದಳು. ದಿನವೂ ಹಿಡಿಯುತ್ತಿದ್ದ ಬಕೆಟ್ಟನ್ನೇ ಹಿಡಿದು, ಬಾಗಿಲಲ್ಲಿ ನಿಂತು, "ಬಾ ಬಾ ಬಾ... ಬನ್ರವ್ವಾ, ಬನ್ನಿ" ಎಂದಳು. ಚೀರಾಟ ನಿಂತಿತು. ಹಂದಿಗಳೆಲ್ಲ ಮೂಗು ಎತ್ತಿಕೊಂಡು, ಒಂದನ್ನೊಂದು ತಳ್ಳಿಕೊಂಡು, ಅವಳ ಹಿಂದೆ ಹೊರಟವು. ಅವಳು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ, ಅವುಗಳ ಮುಖ ನೋಡಿಕೊಂಡೇ, ಗುಂಡಿಯ ತನಕ ಕರೆದುಕೊಂಡು ಹೋದಳು. ಶ್ರಾವಣ ಸೋಮವಾರ ಅದು. ದೂರದಲ್ಲಿ ಯಾವುದೋ ಗುಡಿಯ ಮೈಕು ಹಾಡುತ್ತಿತ್ತು. ಸುಣ್ಣ, ಬ್ಲೀಚಿಂಗ್ ಪುಡಿ ಸುರಿದು ಮಣ್ಣು ಮುಚ್ಚುವವರೆಗೂ ಅವಳು ಬಕೆಟ್ಟು ಕೆಳಗಿಡಲಿಲ್ಲ.

ಆಮೇಲಿನ ತಿಂಗಳುಗಳನ್ನು ಏನೆಂದು ಹೇಳಲಿ? ಶೆಡ್ಡು ಖಾಲಿ. ಮಾದು ಅಕ್ಕಿ ಗಿರಣಿಯೊಂದಕ್ಕೆ ಕಾವಲಿಗೆ ಹೋದ. ರತ್ನ ಕಬ್ಬಿನ ಗದ್ದೆಗೆ ರವದಿ, ಒಣಗಿದ ಗರಿ, ಸುಲಿಯಲು ಕೂಲಿಗೆ ಹೋದಳು, ಕೈಯೆಲ್ಲ ಗೀರು. ಸಂಜೆ ನಮ್ಮ ಬಸ್ಸನ್ನೇ ಹತ್ತುತ್ತಿದ್ದಳು. ಅವಳ ಬಾವನೂ ಒಮ್ಮೊಮ್ಮೆ ಅದೇ ಬಸ್ಸಿನಲ್ಲಿರುತ್ತಿದ್ದ. ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವಳು ತಿರುಗಿಸಿ ಕೊಡುತ್ತಿದ್ದಳೇನೋ. ನಾನು ಟಿಕೆಟ್ ಕೊಡಲು ಹೋದಾಗ ಅವಳೇ ನನ್ನನ್ನು ಸಮಾಧಾನ ಮಾಡುವವಳ ಹಾಗೆ, "ಗಾಳೀಲ್ ಬಂತು ಕಣಣ್ಣ. ಗಾಳೀಲ್ ಬಂದದ್ದನ್ನ ಯಾರ್ ತಡೀತಾರೆ? ನಮ್ಮಿಂದ ಏನೂ ತಪ್ಪಿಲ್ಲ" ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಚಿಲ್ಲರೆ ಹುಡುಕುವವನಂತೆ ಚೀಲದೊಳಕ್ಕೆ ತಲೆ ತಗ್ಗಿಸುತ್ತಿದ್ದೆ.

ಮುಂದಿನ ಬೇಸಿಗೆಗೆ ಡಾಕ್ಟರಮ್ಮ ಬಂದು ಶೆಡ್ಡು ನೋಡಿ, ಇನ್ನು ಮೊದಲು ಎರಡು ಮರಿ ತಂದು ಬಿಟ್ಟು ನೋಡಬಹುದು ಎಂದರಂತೆ. ರತ್ನ ಗೋಡೆಗೆ ಸುಣ್ಣ ಬಳಿದಳು, ನೆಲ ಸಾರಿಸಿದಳು. ಸೋಮವಾರ ಮರಿ ಬರುತ್ತವೆ ಎಂದು ಬಸ್ಸಿನಲ್ಲಿ ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಗೆಲುವಿತ್ತು. ಭಾನುವಾರ ನಾನು ಅವರ ಮನೆಗೆ ಹೋದೆ. ಮತ್ತೆ ಹಾಗಾಗದಿರಲಿ, ಎಚ್ಚರಿಕೆ ಹೇಳುವುದು ನನ್ನ ಧರ್ಮ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ನಿದ್ದೆ ಬೇಕಾಗಿತ್ತು.

ಮಾದು ಹೊರಗೆ ಕೊಳಾಯಿ ಸರಿ ಮಾಡುತ್ತಿದ್ದ. ರತ್ನ ಶೆಡ್ಡಿನ ಬಾಗಿಲಲ್ಲಿ ಕೂತು ಹೊಸ ಬಕೆಟ್ಟಿಗೆ ಹಗ್ಗ ಕಟ್ಟುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೋಗುಣಿ ತೊಳೆದ ನೀರಿನ ತನಕ.

ಅವಳು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬೇಕೆಂದು ಸಿದ್ಧನಾಗಿ ಹೋಗಿದ್ದೆ. ಅವಳು ಹಗ್ಗವನ್ನು ಹಾಗೇ ಹಿಡಿದುಕೊಂಡು, ನಿಧಾನವಾಗಿ, ಯಾರಿಗೋ ದಾರಿ ಹೇಳುವವಳ ಹಾಗೆ ಮಾತಾಡಿದಳು.

"ಒರಗಿಂದ ತಂದ್ಕಳಿ ಅಂದೋಳು ನಾನು."

"ರತ್ನ, ಅದಲ್ಲವ್ವ..."

"ನಮ್ದೇ ಒಂದನ್ನ ಕುಯ್ಕಳಿ ಅಂದಿದ್ರೆ ಒಂದೇ ಓಗ್ತಿತ್ತು. ಸೌದೆ ಇಲ್ಲ ಅಂತ ಗೊತ್ತಾದ್ಮೇಲೂ, ಅಸ್ಕಂಡವೆ ಪಾಪ ಅಂತ ಬೆಚ್ಚಗಿದ್ದುದ್ದನ್ನೇ ಸುರ್ದೋಳೂ ನಾನು. ಕೆಂಪಿ ಗಬ್ಬ ಅಂತ ಅವ್ಳಿಗೆ ಮ್ಯಾಲಿಂದ್ ಎರಡ್ ಚೊಂಬು ಜಾಸ್ತಿ ಆಕ್ದೆ." ಅವಳು ಬಕೆಟ್ಟಿಗೆ ಕಟ್ಟಿದ್ದ ಗಂಟನ್ನು ಬಿಚ್ಚಿದಳು. "ಇಷ್ಟ್ ದಿನ ಗಾಳಿ ಅನ್ಕಂಡಿದ್ದೆ. ಗಾಳಿ ಮ್ಯಾಲೆ ನಂಗೇನೂ ಕ್ವಾಪ ಇರ್ನಿಲ್ಲ. ಯಾಕ್ ಏಳ್ದೆ ಅಣ್ಣ?"

 

ಅವಳು ಎದ್ದು ಹೊರಗೆ ಹೋಗಿ ಮಾದುವಿಗೆ, "ಆ ಮರಿ ಕೊಡೋರ್ಗೆ ಫೋನ್ ಮಾಡಿ. ಬ್ಯಾಡ ಅನ್ನಿ" ಎಂದಳು.

"ಯಾಕಮ್ಮೀ, ಸುಣ್ಣ ಎಲ್ಲ ಬಳ್ದಾಯ್ತಲ್ಲ..."

"ನನ್ ಕೈ ಆಗ್ಬರಲ್ಲ ಅವಕ್ಕೆ. ಮಾಡಿ."

ಮಾದು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಫೋನು ಮಾಡಿದ. ಅವನಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರಿಗೇ ಹಾಕುವವನು. ಆ ಕಡೆಯವನು, "ಅಣ್ಣ, ಇಂಗೇ ತೀರಾ ಕೊನೇ ಗಳ್ಗೇಲಿ ಬ್ಯಾಡ ಅಂದ್ರೆ ಎಂಗೆ? ಬುಟ್ಟೀಗಾಕಿ ಇಟ್ಟಿವ್ನಿ, ಕೇಳಿಸ್ಕಳಿ ಬೇಕಾದ್ರೆ" ಎಂದು ಫೋನನ್ನು ಬುಟ್ಟಿಯ ಹತ್ತಿರ ಹಿಡಿದಿರಬೇಕು. ಎರಡು ಮರಿಗಳು ಕೀರುಗುಟ್ಟುವುದು ಹಿತ್ತಲಿಗೆಲ್ಲ ಕೇಳಿಸಿತು. ರತ್ನ ಕದಲದೆ ನಿಂತು, ಮಾದು ಫೋನು ಕಟ್ ಮಾಡುವವರೆಗೂ ಅದನ್ನು ಕೇಳಿಸಿಕೊಂಡಳು.